ಕಮಿಷನ್ ಕಡಿಮೆ ಇರುವ ಪೇಮೆಂಟ್ ಗೇಟ್‌ವೇ ಹಿಡಿದರೆ ಸಾಕಾ?

ಹೊಲಿಗೆದಾರ:
ಕೈಯಲ್ಲೇ ಹೊಲಿದ ನೋಟ್‌ಬುಕ್ ಮಾರುತ್ತೇವೆ, ನಾನು ಮತ್ತು ತಂಗಿ. ಇಷ್ಟು ದಿನ ಮೆಸೇಜಿನಲ್ಲಿ ಆರ್ಡರ್, ದುಡ್ಡು ನೇರ ಬ್ಯಾಂಕ್ ಖಾತೆಗೆ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಪ್ಯಾಕಿಂಗ್. ಕಳೆದ ತಿಂಗಳು ಒಬ್ಬರ ಸ್ಕ್ರೀನ್‌ಶಾಟ್ ನಂಬಿ ಆರು ಪುಸ್ತಕ ಕಳಿಸಿದೆವು. ದುಡ್ಡು ಇವತ್ತಿಗೂ ಬಂದಿಲ್ಲ. "ಇನ್ನು ಈ ಸ್ಕ್ರೀನ್‌ಶಾಟ್ ಸಹವಾಸ ಬೇಡ ಅಣ್ಣ" ಎಂದು ತಂಗಿ ಕೈ ಮುಗಿದಳು.

ಅದಕ್ಕೆ ನಮ್ಮ ಪುಟ್ಟ ವೆಬ್‌ಸೈಟಿಗೆ ಗೇಟ್‌ವೇ, ಅಂದರೆ ಗಿರಾಕಿಯಿಂದ ಆನ್‌ಲೈನಿನಲ್ಲಿ ದುಡ್ಡು ಪಡೆದು ನಮಗೆ ಮುಟ್ಟಿಸುವ ಸೇವೆ, ಹಾಕಿಸಬೇಕು. ಎರಡು ಕಡೆ ವಿಚಾರಿಸಿದ್ದೇನೆ. ಒಂದನೆಯವರು ನೂರಕ್ಕೆ 2 ಹಿಡಿದುಕೊಳ್ಳುತ್ತಾರೆ, ಅಷ್ಟೇ. ಎರಡನೆಯವರು ನೂರಕ್ಕೆ ಒಂದೂವರೆ, ಜೊತೆಗೆ ಪ್ರತಿ ಪಾವತಿಗೂ 3. ನನ್ನ ಕಣ್ಣಿಗೆ ಎರಡನೆಯದೇ ಅಗ್ಗ. ನಮ್ಮ ಆರ್ಡರುಗಳು ಬಹುತೇಕ 150ರ ಆಸುಪಾಸು. ಬರೀ ಬುಕ್‌ಮಾರ್ಕ್ ಕೊಳ್ಳುವವರದು 60. ದೊಡ್ಡ ಆಲ್ಬಮ್ ಆದರೆ 1500, ಅದು ಅಪರೂಪ. ಸೈಟ್ ಮಾಡಿಕೊಟ್ಟ ಗೆಳೆಯ ಈಗ ಕೈಗೆ ಸಿಗುತ್ತಿಲ್ಲ. ನನಗೆ ಕೋಡ್ ಕಾಪಿ-ಪೇಸ್ಟ್ ಮಾಡುವಷ್ಟು ಬರುತ್ತದೆ. ಯಾವುದನ್ನು ಹಿಡಿಯಲಿ?

ಲೆಕ್ಕದ ಪುಸ್ತಕ:
ಅಗ್ಗ ಅಲ್ಲ ಸರ್. 150ಕ್ಕೆ ಮೊದಲನೆಯವರು 3 ತೆಗೆದುಕೊಂಡರೆ ಎರಡನೆಯವರು 5.25. ಬುಕ್‌ಮಾರ್ಕಿನ 60ರಲ್ಲಿ 3.90 ಹೋಗುತ್ತದೆ. ಅಂದರೆ ನೂರಕ್ಕೆ ಆರೂವರೆ! ಆರ್ಡರ್ 600 ದಾಟಿದರೆ ಮಾತ್ರ ಎರಡನೆಯದು ಲಾಭ. ಆಲ್ಬಮ್ ಬಿಟ್ಟರೆ ನಿಮ್ಮದು ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ.

ರೀಫಂಡ್ ಮಾಡಿದಾಗ ಹಿಡಿದುಕೊಂಡ ಕಮಿಷನ್ ವಾಪಸ್ ಕೊಡುತ್ತಾರಾ, ಅದನ್ನೂ ಕೇಳಿ. ಎಷ್ಟೋ ಕಡೆ ಕೊಡುವುದಿಲ್ಲ.

ಇಂಕ್‌ಪೆನ್:
ಲೆಕ್ಕ ಸರಿಯಾಗಿದೆ. ಆದರೆ ಕಮಿಷನ್ ವಿಷಯಕ್ಕೆ ನಾನು ಒಂದು ರಾತ್ರಿಯೂ ನಿದ್ದೆಗೆಟ್ಟಿಲ್ಲ. ನಿದ್ದೆ ಕೆಡಿಸಿದ್ದು ಬೇರೆ.

ನಾನು ಹಳೆಯ ಪೆನ್ನು ರಿಪೇರಿ ಮಾಡಿ ಮಾರುತ್ತೇನೆ, ಜೊತೆಗೆ ಇಂಕ್. ಗೇಟ್‌ವೇ ಹಾಕಿದ ಮೊದಲ ವಾರವೇ ಒಬ್ಬರ ಮೆಸೇಜ್: "ದುಡ್ಡು ಕಟ್ ಆಗಿದೆ, ಆರ್ಡರ್ ನಂಬರ್ ಬಂದಿಲ್ಲ." ನನ್ನ ಸೈಟಿನಲ್ಲಿ ನೋಡಿದರೆ ಆ ಆರ್ಡರ್ "ಪೆಂಡಿಂಗ್". ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಅದೇ ಪಾವತಿ ಹಸಿರು ಅಕ್ಷರದಲ್ಲಿ "ಸಕ್ಸಸ್". ಆಗಿದ್ದು ಇಷ್ಟೇ. ಅವರು ದುಡ್ಡು ಕಟ್ಟಿ, ನನ್ನ ಸೈಟಿಗೆ ವಾಪಸ್ ಬರುವ ಮೊದಲೇ ಮೊಬೈಲಿನಲ್ಲಿ ಬ್ರೌಸರ್ ಮುಚ್ಚಿದ್ದರು. ನಾನೋ, "ಧನ್ಯವಾದ" ಪುಟ ತೆರೆದುಕೊಂಡರೆ ಮಾತ್ರ ದುಡ್ಡು ಬಂತೆಂದು ಬರೆದುಕೊಳ್ಳುವ ಕೋಡ್ ಹಾಕಿಕೊಂಡಿದ್ದೆ. ಪುಟ ತೆರೆಯಲಿಲ್ಲ, ಆರ್ಡರ್ ಲೆಕ್ಕಕ್ಕೆ ಬರಲಿಲ್ಲ. ಅಷ್ಟರಲ್ಲಿ ಪಾಪ ಅವರು ಗಾಬರಿಯಾಗಿ ಇನ್ನೊಮ್ಮೆ ಕಟ್ಟಿದ್ದರು.

ಇದಕ್ಕೆ ಮದ್ದು ವೆಬ್‌ಹುಕ್. ಗಿರಾಕಿಯ ಬ್ರೌಸರ್ ಏನಾದರೂ ಆಗಲಿ, ಗೇಟ್‌ವೇ ಸರ್ವರ್ ನೇರವಾಗಿ ನಿಮ್ಮ ಸರ್ವರಿನ ಬಾಗಿಲು ತಟ್ಟಿ "ಇಂಥ ಆರ್ಡರಿನ ದುಡ್ಡು ಬಂತು" ಎಂದು ಹೇಳಿ ಹೋಗುತ್ತದೆ. ಆಗ ನಿಮ್ಮ ಸರ್ವರ್ ಮಲಗಿದ್ದರೆ ಮತ್ತೆ ಬರುತ್ತದೆ. ಸ್ಟ್ರೈಪ್ ಎಂಬ ಗೇಟ್‌ವೇಯದಾದರೆ ಮೂರು ದಿನದವರೆಗೂ ಬಂದು ಬಂದು ತಟ್ಟುತ್ತದೆ.

ಹಾಕಿಸಿದೆ. ಗೆದ್ದೆ ಅಂದುಕೊಂಡೆ. ಮುಂದಿನ ತಿಂಗಳು ಒಬ್ಬರಿಗೆ ಒಂದೇ ಆರ್ಡರಿನ ಇಂಕ್ ಬಾಟಲಿ ಎರಡು ಪಾರ್ಸೆಲ್ಲಿನಲ್ಲಿ ಎರಡು ಸಲ ಹೋಯಿತು! ವೆಬ್‌ಹುಕ್ ಒಂದೇ ಸುದ್ದಿಯನ್ನು ಎರಡು ಸಲ ಹೇಳುವುದುಂಟು. ಅದರ ಸ್ವಭಾವವೇ ಹಾಗೆ. ನನ್ನ ಕೋಡ್ ಎರಡು ಸಲವೂ ಪ್ಯಾಕಿಂಗ್ ಚೀಟಿ ಪ್ರಿಂಟ್ ಮಾಡಿತ್ತು, ನಾನು ಕಣ್ಣುಮುಚ್ಚಿ ಎರಡನ್ನೂ ಪ್ಯಾಕ್ ಮಾಡಿದ್ದೆ. ಈಗ ಪಾವತಿ ಐಡಿ ಬರೆದಿಟ್ಟುಕೊಂಡಿರುತ್ತೇನೆ. ಅದೇ ಐಡಿ ಮತ್ತೆ ಬಂದರೆ ಸುಮ್ನೆ "ಸರಿ" ಎಂದು ಕಳಿಸಿಬಿಡುವುದು.

ಹಾಗೇ ಬಾಗಿಲು ತಟ್ಟಿದವರೆಲ್ಲ ಗೇಟ್‌ವೇ ಅಲ್ಲ. ಆ ವಿಳಾಸ ಗೊತ್ತಾದ ಯಾರು ಬೇಕಾದರೂ "ದುಡ್ಡು ಬಂತು" ಎಂದು ಸುಳ್ಳು ಹೇಳಬಹುದು. ಅದಕ್ಕೇ ಸಂದೇಶದ ಜೊತೆ ಒಂದು ಡಿಜಿಟಲ್ ಸಹಿ ಬರುತ್ತದೆ. ನಿಮ್ಮಲ್ಲಿರುವ ಗುಟ್ಟಿನ ಕೀ ಇಟ್ಟು ಅದನ್ನು ತಾಳೆ ನೋಡಬೇಕು. ಸ್ಕ್ರೀನ್‌ಶಾಟ್‌ನಿಂದ ಪೆಟ್ಟು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಕಾರ್ಡ್ ನಂಬರ್ ತುಂಬುವ ಪುಟ ಗೇಟ್‌ವೇಯವರದ್ದೇ ಇರಲಿ. ನಿಮ್ಮ ಸೈಟ್ ಅದನ್ನು ಮುಟ್ಟುವುದೇ ಬೇಡ. ವೀಸಾ, ಮಾಸ್ಟರ್‌ಕಾರ್ಡ್ ಮುಂತಾದವರು ಸೇರಿ 2004ರಲ್ಲಿ ತಂದ ಪಿಸಿಐ ಡಿಎಸ್‌ಎಸ್ ಎಂಬ ಭದ್ರತಾ ನಿಯಮಗಳಿವೆ. ಕಾರ್ಡ್ ವಿವರ ನಿಮ್ಮ ಸರ್ವರಿಗೆ ಬಂತೆಂದರೆ ಅವು ಪೂರ್ತಿ ನಿಮ್ಮ ತಲೆ ಮೇಲೆ. ಪುಟ ಅವರದಾದರೆ ನಿಮ್ಮ ಪಾಲಿಗೆ ಬರುವುದು ಬಹಳ ಕಡಿಮೆ.

ಇನ್ನೊಂದು ಮಾತು. ಒಂದು ವಾರ ನನಗೆ ಇದ್ದಕ್ಕಿದ್ದಂತೆ ಆರ್ಡರ್ ಹತ್ತು ಪಟ್ಟು ಆಯಿತು. ಖುಷಿ ಪಡುವಷ್ಟರಲ್ಲಿ ಗೇಟ್‌ವೇಯವರು "ಪರಿಶೀಲನೆಯಲ್ಲಿದೆ" ಎಂದು ನನ್ನ ದುಡ್ಡು ತಡೆಹಿಡಿದರು, 19 ದಿನ. ಇಂಕ್ ಕೊಟ್ಟವರಿಗೆ ಏನು ಹೇಳಲಿ? ಕಂಪನಿ ಹೆಸರು ಬೇಡ, ಇಂಥದ್ದು ಯಾರಲ್ಲೂ ಆಗಬಹುದು. ದಿಢೀರ್ ವ್ಯಾಪಾರ ಏರಿದರೆ ಮೋಸದ ವಾಸನೆ ಅಂದುಕೊಳ್ಳುತ್ತಾರೆ. ಅದರಲ್ಲಿ ಪೂರ್ತಿ ತಪ್ಪೂ ಇಲ್ಲ. ಕಾರ್ಡ್ ಗಿರಾಕಿ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್, ಕೇಳಲು ಹಲವು ಬಗೆಯ ತಕರಾರಿಗೆ 120 ದಿನದವರೆಗೂ ಅವಕಾಶ ಇರುತ್ತದೆ. ಅಷ್ಟರಲ್ಲಿ ನಾನು ಗಂಟುಮೂಟೆ ಕಟ್ಟಿದರೆ ನಷ್ಟ ಅವರಿಗೆ. ಆದರೆ ಆ 19 ದಿನದಲ್ಲಿ ಒಬ್ಬ ಮನುಷ್ಯನೂ ಫೋನಿಗೆ ಸಿಗಲಿಲ್ಲ ನೋಡಿ, ಅದು ಹೊಟ್ಟೆ ಉರಿಸಿದ್ದು. ಸೇರುವ ಮೊದಲೇ ಅವರ ಸಹಾಯವಾಣಿಗೆ ಒಂದು ಪ್ರಶ್ನೆ ಹಾಕಿ ನೋಡಿ.

ಸರಳರೇಖೆ:
ಅಯ್ಯೋ, ಹೆದರಿಸಬೇಡಿ ಅವರನ್ನು. ಕೋಡೇ ಬರೆಯದವರಿಗೆ ವೆಬ್‌ಹುಕ್ ಯಾಕೆ? ಪೇಮೆಂಟ್ ಲಿಂಕ್ ಸಾಕು. ಡ್ಯಾಶ್‌ಬೋರ್ಡಿನಲ್ಲಿ ಮೊತ್ತ ಹಾಕಿ ಲಿಂಕ್ ಮಾಡಿ, ಗಿರಾಕಿಗೆ ಕಳಿಸಿ. ದುಡ್ಡು ಬಂದರೆ ಇಮೇಲ್ ಬರುತ್ತದೆ, ಪ್ಯಾಕ್ ಮಾಡಿ.

ಇಂಕ್‌ಪೆನ್:
ಲಿಂಕ್ ಒಪ್ಪಿದೆ, ನಾನೂ ಅಲ್ಲಿಂದಲೇ ಶುರು ಮಾಡಬೇಕಿತ್ತು. ಇಮೇಲ್ ನಂಬುವುದನ್ನು ಒಪ್ಪುವುದಿಲ್ಲ. ಗೇಟ್‌ವೇ ಹೆಸರಲ್ಲಿ ನಕಲಿ ಇಮೇಲ್ ಮಾಡುವುದು ನಕಲಿ ಸ್ಕ್ರೀನ್‌ಶಾಟ್‌ಗಿಂತ ಕಷ್ಟವೇನಲ್ಲ. ಡ್ಯಾಶ್‌ಬೋರ್ಡಿಗೆ ನೀವೇ ಲಾಗಿನ್ ಆಗಿ ನೋಡಿ ಪ್ಯಾಕ್ ಮಾಡಿ. ಇಮೇಲಿನಲ್ಲಿರುವ ಲಿಂಕ್ ಒತ್ತಿ ಲಾಗಿನ್ ಆಗಬೇಡಿ.

ಮತ್ತೆ, ನಿಜವಾದ ದುಡ್ಡಿಲ್ಲದೆ ಪಾವತಿ ಮಾಡಿ ನೋಡುವ ಟೆಸ್ಟ್ ಮೋಡ್ ಇರುತ್ತದೆ, ಬಳಸಿ. ಸ್ಟ್ರೈಪ್‌ನಲ್ಲಿ ಕಾರ್ಡ್ ನಂಬರ್ ಜಾಗಕ್ಕೆ 4242 4242 4242 4242 ಹಾಕಿದರೆ ಪಾವತಿ ಪಾಸ್, 4000 0000 0000 0002 ಹಾಕಿದರೆ ಫೇಲ್. ಬೇರೆಯವರದ್ದೂ ಇಂಥ ನಂಬರ್ ಇರುತ್ತವೆ. ಎಲ್ಲರೂ ಪಾಸ್ ಆಗುವುದನ್ನು ನೋಡಿ ಖುಷಿಪಟ್ಟು ಎದ್ದು ಹೋಗುತ್ತಾರೆ. ನೀವು ಫೇಲ್ ಮಾಡಿ ನೋಡಿ.

ಹೊಲಿಗೆದಾರ:
ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಇದೇ ಕೆಲಸ ಮಾಡಿದೆ.

ಎರಡೂ ಕಡೆ ಟೆಸ್ಟ್ ಖಾತೆ ತೆರೆದೆ. ದುಡ್ಡು ಕಟ್ಟಿದ ತಕ್ಷಣ ಬೇಕಂತಲೇ ಬ್ರೌಸರ್ ಮುಚ್ಚಿದೆ. ಎರಡರ ಡ್ಯಾಶ್‌ಬೋರ್ಡಿನಲ್ಲೂ ಪಾವತಿ ಸರಿಯಾಗಿ ಕಂಡಿತು. ಫೇಲ್ ಆದಾಗ ಮಾತ್ರ ವ್ಯತ್ಯಾಸ. ಮೊದಲನೆಯವರ ಪುಟ "ನಿಮ್ಮ ಬ್ಯಾಂಕ್ ಒಪ್ಪಲಿಲ್ಲ, ಬೇರೆ ಕಾರ್ಡ್ ಬಳಸಿ" ಎಂದಿತು. ಎರಡನೆಯವರದು ಬರೀ ಒಂದು ಎರರ್ ನಂಬರ್ ತೋರಿಸಿ ನಿಂತಿತು. ತಂಗಿ ಅದನ್ನು ನೋಡಿ, "ನಾನಾಗಿದ್ದರೆ ಇಲ್ಲಿಗೇ ಬಿಟ್ಟು ಹೋಗುತ್ತಿದ್ದೆ" ಎಂದಳು.

ಇಬ್ಬರಿಗೂ ರೀಫಂಡ್ ಕಮಿಷನ್ ಬಗ್ಗೆ ಕೇಳಿದೆ. ಮೊದಲನೆಯವರು ಎರಡು ಗಂಟೆಯಲ್ಲಿ "ವಾಪಸ್ ಕೊಡುವುದಿಲ್ಲ" ಎಂದು ನೇರವಾಗಿ ಬರೆದರು. ಎರಡನೆಯವರಿಂದ "ನಿಮ್ಮ ಪ್ರಶ್ನೆ ನಮಗೆ ಮುಖ್ಯ" ಎಂಬ ಒಂದೇ ಉತ್ತರ ಮೂರು ಸಲ ಬಂದಿದೆ.

ಮೊದಲನೆಯವರನ್ನೇ ಹಿಡಿದಿದ್ದೇವೆ, ಸದ್ಯಕ್ಕೆ ಪೇಮೆಂಟ್ ಲಿಂಕ್. ನಿನ್ನೆ ಖಾತೆ ಚಾಲೂ ಆಯಿತು. ತಂಗಿ ತನ್ನ ಕಾರ್ಡಿನಲ್ಲಿ ತಾನೇ ಒಂದು ಬುಕ್‌ಮಾರ್ಕ್ ಕೊಂಡು, ತಾನೇ ರೀಫಂಡ್ ಮಾಡಿದಳು. 60 ವಾಪಸ್ ಬರಲಿದೆ. ಹೋದ 1.20ನ್ನು ಖರ್ಚಿನ ಪುಸ್ತಕದಲ್ಲಿ "ಪಾಠ" ಎಂದು ಬರೆದಿದ್ದಾಳೆ, ಆ ಆರು ಪುಸ್ತಕಗಳ ಕೆಳಗೇ.