ಸೈನಸ್ ಆಪರೇಷನ್‌ನಲ್ಲಿ ಅಮ್ಮನ ಬಿಪಿ ಬೇಕಂತಲೇ ಇಳಿಸುತ್ತಾರಂತೆ, ಇದು ಸರಿನಾ?

ಮದ್ದೂರಿನ ಮಗಳು:
ನಮ್ಮಮ್ಮನಿಗೆ 58 ವರ್ಷ. ಮೂಗಿನ ಎರಡೂ ಕಡೆ ದುರ್ಮಾಂಸ ಬೆಳೆದು ವಾಸನೆಯೇ ಗೊತ್ತಾಗುವುದಿಲ್ಲ. ಒಲೆ ಮೇಲೆ ಸಾರು ಸೀದರೂ ಪಕ್ಕದ ಮನೆಯವರು ಬಂದು ಹೇಳಬೇಕು. ಮೈಸೂರಿನಲ್ಲಿ ಎಂಡೋಸ್ಕೋಪಿಯಲ್ಲಿ ಆಪರೇಷನ್ ಅಂತ ತೀರ್ಮಾನ ಆಗಿದೆ. ಇಎನ್‌ಟಿ ಡಾಕ್ಟರ್ ಮಾತಿನ ಮಧ್ಯೆ "ರಕ್ತ ಕಮ್ಮಿ ಬರಲಿ ಅಂತ ಬಿಪಿ ಇಳಿಸಿ ಇಟ್ಟುಕೊಳ್ತೀವಿ" ಅಂದರು. ಅಮ್ಮನಿಗೆ ಮೊದಲೇ ಬಿಪಿ ಇದೆ. ಟೆಲ್ಮಿಸಾರ್ಟಾನ್ ಮಾತ್ರೆ, ಅದೂ ನೆನಪಾದ ದಿನ. ಅಳೆದಾಗೆಲ್ಲ 150/90 ಆಸುಪಾಸು. ಮನೆಯಲ್ಲಿ ಬಿಪಿ ಲೋ ಆಯಿತು ಅಂದರೆ ಓಡಿಹೋಗಿ ಉಪ್ಪು-ಸಕ್ಕರೆ ನೀರು ಕೊಡ್ತೀವಿ. ಅಲ್ಲಿ ಬೇಕಂತಲೇ ಇಳಿಸೋದಾ? ಸ್ಟ್ರೋಕ್ ಆದರೆ ಏನು ಗತಿ?

ಪಾಂಡವಪುರದ ಗೌಡ್ರು:
ನನಗೂ ಕಿವಿ ಮೂಳೆ ಆಪರೇಷನ್‌ನಲ್ಲಿ ಹಂಗೇ ಮಾಡಿದ್ದರು ಅಂತ ಆಮೇಲೆ ಗೊತ್ತಾಯಿತು. ಎದ್ದಾಗ ಗಂಟಲು ಒಣಗಿತ್ತು, ಅಷ್ಟೇ. ಸುಮ್ನೆ ಹೆದರಬೇಡ ಕಣವ್ವ.

ಓಟಿ ಅಂಕಲ್:
ಗೌಡ್ರಿಗೆ ಆಗಲಿಲ್ಲ ಅಂದ ಮಾತ್ರಕ್ಕೆ ಎಲ್ಲರಿಗೂ ಆಗಲ್ಲ ಅಂತ ನಾನು ಹೇಳುವುದಿಲ್ಲ. ಮೈಸೂರಿನಲ್ಲಿ ಅನಸ್ತೇಶಿಯಾ ಕೊಡುವುದೇ ನನ್ನ ಕೆಲಸ. ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, ಯಾಕೆ ಇಳಿಸಬೇಕು? ಸೈನಸ್ ಒಳಗೆ ಜಾಗ ತೀರಾ ಇಕ್ಕಟ್ಟು. ಒಂದು ತೊಟ್ಟು ರಕ್ತ ಲೆನ್ಸ್ ಮೇಲೆ ಬಿದ್ದರೆ ಸರ್ಜನ್‌ಗೆ ಪರದೆ ಪೂರ್ತಿ ಕೆಂಪು. ಪಕ್ಕದಲ್ಲೇ ಕಣ್ಣಿದೆ, ನಡುವೆ ಇರುವ ಮೂಳೆ ಕಾಗದದಷ್ಟು ತೆಳು. ಮೇಲೆ ಮಿದುಳು. ಕಾಣಿಸದೆ ಕೈ ಆಡಿಸುವುದು ಬಿಪಿ ಇಳಿಸುವುದಕ್ಕಿಂತ ಜಾಸ್ತಿ ಅಪಾಯ.

ಇನ್ನು ಎಷ್ಟು ಇಳಿಸುತ್ತಾರೆ ಅನ್ನುವುದು. ನಿಮ್ಮ ಭಯಕ್ಕೆ ಉತ್ತರ ಇಲ್ಲೇ ಇದೆ. ನಾವು ನೋಡುವುದು ಸರಾಸರಿ ಒತ್ತಡ. ಕೆಳಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಮೇಲಿನದನ್ನು ಕೂಡಿಸಿ, ಮೂರರಿಂದ ಭಾಗಿಸಿ. 120/80 ಇರುವ ಹುಡುಗನಿಗೆ ಸುಮಾರು 93. ನಿಮ್ಮ ಅಮ್ಮನಿಗೆ 110. ಎಂದಿನ ಒತ್ತಡಕ್ಕಿಂತ ಶೇಕಡಾ 30ರಷ್ಟು ಇಳಿಸುವುದನ್ನೇ ಸಾಮಾನ್ಯವಾಗಿ ಕಡೆಯ ಗೆರೆ ಅಂತ ಇಟ್ಟುಕೊಳ್ಳುತ್ತೇವೆ. ಆ ಹುಡುಗನಿಗೆ ಅದು 65. ಅಮ್ಮನಿಗೆ 77. ಬಹಳ ವರ್ಷದಿಂದ ಬಿಪಿ ಇದ್ದವರಲ್ಲಿ ನಾನಂತೂ ಅಲ್ಲಿಯವರೆಗೂ ಹೋಗುವುದಿಲ್ಲ, ಇನ್ನೂ ಮೇಲೆಯೇ ನಿಲ್ಲಿಸುತ್ತೇನೆ. ಅವರ ಮಿದುಳಿನ ರಕ್ತನಾಳಗಳು ಹೆಚ್ಚಿನ ಒತ್ತಡಕ್ಕೇ ಹೊಂದಿಕೊಂಡಿರುತ್ತವೆ. ಮಂಡ್ಯದವರಿಗೆ ಹೇಳಬೇಕಾ? ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಕಮ್ಮಿ ಮಾಡಿದರೆ ಮೇಲಿನ ಗದ್ದೆಯವರಿಗೆ ಏನೂ ಗೊತ್ತಾಗಲ್ಲ, ಕೊನೆ ಭಾಗದವರು ರಸ್ತೆಗಿಳಿಯುತ್ತಾರೆ. ಮಿದುಳು, ಹೃದಯ, ಕಿಡ್ನಿಯಲ್ಲೂ ಆ ಕೊನೆ ಭಾಗದ್ದೇ ಚಿಂತೆ.

ಔಷಧಿ ವಿಚಾರ. ಹಿಂದೆ ನೈಟ್ರೊಪ್ರುಸೈಡ್ ಜಾಸ್ತಿ ಬಳಸುತ್ತಿದ್ದರು. ಬೆಳಕು ಬಿದ್ದರೆ ಕೆಡುತ್ತದೆ ಅಂತ ಬಾಟಲಿಗೆ ಫಾಯಿಲ್ ಸುತ್ತಬೇಕು. ಡೋಸ್ ಮೀರಿದರೆ ದೇಹದಲ್ಲಿ ಸಯನೈಡ್ ಸೇರಿಕೊಳ್ಳುವ ಭಯ ಬೇರೆ. ಅದು ರಕ್ತನಾಳ ಹಿಗ್ಗಿಸುತ್ತದೆ, ಆಗ ಹೃದಯ ಓಡಲು ಶುರು ಮಾಡುತ್ತದೆ. ಮೀಟರಿನಲ್ಲಿ ಬಿಪಿ ಇಳಿದಿರುತ್ತದೆ, ಮೂಗಿನಲ್ಲಿ ರಕ್ತ ಮಾತ್ರ ಒಸರುತ್ತಲೇ ಇರುತ್ತದೆ! ಹಾಗಾಗಿ ಸೈನಸ್ ಆಪರೇಷನ್‌ಗೆ ನಾನು ನಿದ್ದೆ ಬರಿಸುವ ಪ್ರೊಪೊಫಾಲ್ ಡ್ರಿಪ್ ಜೊತೆ ನೋವು, ನಾಡಿ ಎರಡನ್ನೂ ತಗ್ಗಿಸುವ ರೆಮಿಫೆಂಟಾನಿಲ್ ಅಥವಾ ಡೆಕ್ಸ್‌ಮೆಡಿಟೊಮಿಡಿನ್ ಇಷ್ಟಪಡುತ್ತೇನೆ. ನಾಡಿ 60ರ ಹತ್ತಿರ ನಿಧಾನವಾಗಿದ್ದರೆ ಬಿಪಿ ತೀರಾ ಇಳಿಸುವ ಅಗತ್ಯವೇ ಬರುವುದಿಲ್ಲ. ಬೇಕಾದರೆ ನಾಡಿ ನಿಧಾನ ಮಾಡುವ ಎಸ್ಮೊಲಾಲ್. ಅದರ ಅರ್ಧಾಯುಷ್ಯ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ) ಸುಮಾರು 9 ನಿಮಿಷ, ನಿಲ್ಲಿಸಿದರೆ ಅದರ ಪರಿಣಾಮ ಬೇಗ ಇಳಿದುಹೋಗುತ್ತದೆ. ಸರ್ಜನ್ ಮೂಗಿನೊಳಗೆ ರಕ್ತನಾಳ ಕುಗ್ಗಿಸುವ ಅಡ್ರಿನಾಲಿನ್‌ನಲ್ಲಿ ನೆನೆಸಿದ ಹತ್ತಿ ಇಡುತ್ತಾರೆ. ತಲೆ ಕಡೆ ಟೇಬಲ್ 15-20 ಡಿಗ್ರಿ ಎತ್ತುತ್ತೇವೆ. ಎತ್ತಿದಾಗ ಒಂದು ಲೆಕ್ಕ ಮರೆಯಬಾರದು: ಬಿಪಿ ಅಳೆಯುವ ಪಟ್ಟಿ ತೋಳಿನಲ್ಲಿದೆ, ಮಿದುಳು ಅದಕ್ಕಿಂತ ಮೇಲಿದೆ. ಪ್ರತಿ 1.3 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 1 ಪಾಯಿಂಟ್ ಕಳೆಯಬೇಕು.

ಹಿಂದೆ ಸ್ಟ್ರೋಕ್ ಆದವರು, ಹೃದಯದ ರಕ್ತನಾಳ ಕಟ್ಟಿರುವವರು, ಕಿಡ್ನಿ ಕೆಟ್ಟವರಿಗೆ ಈ ಸಾಹಸ ಬೇಡ. ನಿಮ್ಮಮ್ಮನದು ನನಗೆ ಯೋಚನೆ ಇರುವುದು ಒಂದೇ: "ನೆನಪಾದ ದಿನ" ಅಂದಿರಲ್ಲ, ಅದು. ಮೊದಲು ಬಿಪಿ ಹತೋಟಿಗೆ ಬರಲಿ. ದುರ್ಮಾಂಸ ಎಲ್ಲಿಗೂ ಓಡಿಹೋಗುವುದಿಲ್ಲ.

ಮದ್ದೂರಿನ ಮಗಳು:
ತುಂಬಾ ಥ್ಯಾಂಕ್ಸ್ ಸರ್. ಹಾಗಾದರೆ ಆಪರೇಷನ್ ದಿನ ಬೆಳಿಗ್ಗೆ ಮಾತ್ರೆ ಕೊಡಬೇಕಾ, ಬೇಡವಾ? ಅಪ್ಪ "ಖಾಲಿ ಹೊಟ್ಟೆ ಅಂದಮೇಲೆ ಖಾಲಿ ಹೊಟ್ಟೆ" ಅಂತಾರೆ.

ಓಟಿ ಅಂಕಲ್:
ನಿಮ್ಮ ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ ಅಮ್ಮ, ಇದು ಫೋರಂನಲ್ಲಿ ತೀರ್ಮಾನ ಮಾಡುವ ವಿಷಯ ಅಲ್ಲ. ಟೆಲ್ಮಿಸಾರ್ಟಾನ್ ಜಾತಿಯದನ್ನು ಬಹಳ ಕಡೆ ಹಿಂದಿನ 24 ಗಂಟೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಅನಸ್ತೇಶಿಯಾ ಕೊಟ್ಟ ತಕ್ಷಣ ಬಿಪಿ ಕೈಮೀರಿ ಬೀಳಬಹುದು. ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ ತರಹದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನು ದಿಢೀರ್ ನಿಲ್ಲಿಸುವಂತಿಲ್ಲ, ಒಂದು ಗುಟುಕು ನೀರಲ್ಲಿ ನುಂಗಿಸುತ್ತಾರೆ. ಆಸ್ಪಿರಿನ್ ಏನಾದರೂ ಇದ್ದರೆ ಅದನ್ನೂ ಹೇಳಿ. "ಬಿಳಿ ಮಾತ್ರೆ, ಚಿಕ್ಕದು" ಅಂದರೆ ನಮಗೆ ಏನೂ ಗೊತ್ತಾಗಲ್ಲ, ಶೀಟ್ ಸಮೇತ ತನ್ನಿ. ಒಂದು ವಾರ ಬೆಳಿಗ್ಗೆ, ಸಂಜೆ ಬಿಪಿ ಅಳೆದು ಚೀಟಿಯಲ್ಲಿ ಬರೆದು ತಂದರೆ ಆ 110 ನಿಜವೋ ಅಲ್ಲವೋ ಅನ್ನುವುದೂ ಗೊತ್ತಾಗುತ್ತದೆ.