ಹಾಸನ–ಆಲ್ದೂರು ಓಡಾಟಕ್ಕೆ ಗೆರಿಲ್ಲಾ 450 ಸರಿಹೋಗುತ್ತಾ? ಓಡಿಸಿದವರ ಮಾತು

ಕೇಳಿದ್ದು: ಕೆಲಸ ಹಾಸನದಲ್ಲಿ, ಮನೆ ಆಲ್ದೂರಿನ ಹತ್ತಿರ ತೋಟದಲ್ಲಿ. ಶನಿವಾರ ಬೇಲೂರು, ಚಿಕ್ಕಮಗಳೂರು ಮೇಲೆ ಊರಿಗೆ, ಸೋಮವಾರ ಬೆಳಗ್ಗೆ ವಾಪಸ್. ರಾಯಲ್ ಎನ್‌ಫೀಲ್ಡ್ ಗೆರಿಲ್ಲಾ 450 ಮೇಲೆ ಮನಸ್ಸಿದೆ, ಟ್ರಯಂಫ್ ಸ್ಪೀಡ್ 400 ಕೂಡ ನೋಡಿದ್ದೀನಿ. ನನ್ನ ಎತ್ತರ ಐದಡಿ ನಾಲ್ಕಿಂಚು. ಆಗಾಗ ಅಮ್ಮನನ್ನು ಕೂರಿಸಿಕೊಂಡು ಹೋಗಬೇಕು. ನಮ್ಮ ಕಡೆ ಮಳೆಗೆ ಇಂಥ ರೋಡ್‌ಸ್ಟರ್ (ಟಾರು ರಸ್ತೆಗೆಂದೇ ಮಾಡಿದ ತಗ್ಗು ಬೈಕ್) ನಡೆಯುತ್ತಾ?

ಚಿಕ್ಕಮಗಳೂರಿನಿಂದ, ಗೆರಿಲ್ಲಾ ಇಟ್ಟುಕೊಂಡಿರುವವರು:

ತಮ್ಮಾ, ಷೋರೂಮಿನಲ್ಲಿ ಮೊದಲು ಹೇಳೋದು 40 ಪಿಎಸ್ ಅಂತ, ಅದು ಇಂಜಿನ್ನಿನ ಗರಿಷ್ಠ ಶಕ್ತಿ. ಎರಡೂ ಗಾಡಿಯಲ್ಲಿ ಅಷ್ಟೇ ಇದೆ, ಎರಡರಲ್ಲೂ ಅದು ಸಿಗೋದು 8,000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗಿದಾಗ. ನಮ್ಮ ತಿರುವುಗಳಲ್ಲಿ ಅಲ್ಲಿತನಕ ಯಾರೂ ಏರಿಸಲ್ಲ. ನೀನು ನೋಡಬೇಕಾದ್ದು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಎಳೆತದ ಬಲ (ಅಳೆಯೋದು ಎನ್‌ಎಂನಲ್ಲಿ), ಅದೂ ಎಷ್ಟು ಬೇಗ ಕೈಗೆ ಸಿಗುತ್ತೆ ಅನ್ನೋದು. ಗೆರಿಲ್ಲಾದ 452 ಸಿಸಿ ಶೆರ್ಪಾ ಇಂಜಿನ್ 5,500ಕ್ಕೆ 40 ಎನ್‌ಎಂ ಕೊಡುತ್ತೆ. ಸ್ಪೀಡ್‌ನ 398 ಸಿಸಿ ಇಂಜಿನ್ 37.5 ಎನ್‌ಎಂ ಕೊಡೋಕೆ 6,500 ಆಗಬೇಕು. ಕೈಮರ ದಾಟಿ ಮುಳ್ಳಯ್ಯನಗಿರಿ ಕಡೆ ಹತ್ತುವಾಗ ಎದುರಿಗೆ ಜೀಪ್ ಬಂದು ನಿಧಾನ ಮಾಡಿದೆ ಅನ್ನು, ಮತ್ತೆ ಎರಡನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತೆ. ಆದರೆ 3,000ಕ್ಕಿಂತ ಕೆಳಗೆ ಬಿಟ್ಟರೆ ಇಂಜಿನ್ ಕುಟ್ಟುತ್ತೆ, ಗೇರ್ ಇಳಿಸಲೇಬೇಕು. ಹಳೇ ಬುಲೆಟ್ ಓಡಿಸಿದ ಕೈಗೆ ಇದು ಒಗ್ಗೋಕೆ ಸ್ವಲ್ಪ ದಿನ ಬೇಕು.

ಗೆರಿಲ್ಲಾದ ಈ ಇಂಜಿನ್ ಮೊದಲು ಬಂದದ್ದು 2023ರ ಕೊನೆಗೆ, ಅದೇ ಕಂಪನಿ ಒರಟು ದಾರಿಗೆಂದು ಮಾಡಿದ ಎತ್ತರದ ಬೈಕ್ ಹೊಸ ಹಿಮಾಲಯನ್‌ನಲ್ಲಿ. ರಾಯಲ್ ಎನ್‌ಫೀಲ್ಡ್‌ನಲ್ಲಿ ರೇಡಿಯೇಟರ್ ಇಟ್ಟು ನೀರಿನಿಂದ ತಣಿಸುವ ಮೊದಲ ಇಂಜಿನ್ ಅದು. 2024ರ ಜುಲೈನಲ್ಲಿ ಅದನ್ನೇ ತಗ್ಗಾದ ಗಾಡಿಗೆ ಕೂರಿಸಿ ಗೆರಿಲ್ಲಾ ಮಾಡಿದರು. ಸೀಟಿನ ಎತ್ತರ 825ರಿಂದ 780 ಮಿ.ಮೀ.ಗೆ, ತೂಕ 196ರಿಂದ 185 ಕೆ.ಜಿ.ಗೆ ಇಳೀತು. ಮುಂದಿನ ಚಕ್ರ 21 ಇಂಚು ಹೋಗಿ 17 ಆಯ್ತು. ನಿನ್ನ ಎತ್ತರಕ್ಕೆ ಇದರಿಂದ ತುಂಬಾ ಅನುಕೂಲ, ಇಳಿಜಾರಿನಲ್ಲಿ ನಿಂತಾಗ ಕಾಲು ಊರೋಕೆ ಧೈರ್ಯ ಬರುತ್ತೆ. ಕಳೆದುಕೊಂಡದ್ದೂ ಇದೆ. ನೆಲದಿಂದ ಅಂತರ 230 ಇದ್ದದ್ದು 169 ಆಗಿದೆ, ಮುಂದಿನ ಶಾಕ್ ಕುಸಿಯುವ ಅಳತೆ 200ರಿಂದ 140ಕ್ಕೆ ಬಂದಿದೆ. ಬೇಲೂರು ರಸ್ತೆಗೆ ಇದು ಏನೂ ಅಲ್ಲ. ನಿಮ್ಮ ತೋಟದ ಒಳದಾರಿ ಜೀಪಿನ ಚಕ್ರದ ಗುಂಡಿ ಬಿದ್ದದ್ದಾದರೆ ಮಾತ್ರ ಹಿಮಾಲಯನ್ನೇ ನೋಡು ಅಂತೀನಿ.

ನನಗೆ ಬಹಳ ಇಷ್ಟವಾದದ್ದು ಇದರ ಸ್ಲಿಪ್ ಅಸಿಸ್ಟ್ ಕ್ಲಚ್. ಚಾರ್ಮಾಡಿ ಇಳಿಯುವಾಗ ಅವಸರದಲ್ಲಿ ಗೇರ್ ಇಳಿಸಿದರೆ ಇಂಜಿನ್ ಹಿಂದಿನ ಚಕ್ರವನ್ನು ಹಿಡಿದು ಎಳೆಯುತ್ತಲ್ಲ, ಒದ್ದೆ ರಸ್ತೆಯಲ್ಲಿ ಚಕ್ರ ಕುಪ್ಪಳಿಸಿ ಜಾರೋದು ಅಲ್ಲೇ. ಈ ಕ್ಲಚ್ ಆ ಹೊತ್ತಿಗೆ ಒಂಚೂರು ಸಡಿಲ ಬಿಟ್ಟು ಎಳೆತ ಕಡಿಮೆ ಮಾಡುತ್ತೆ. ಲಿವರ್ ಕೂಡ ಹಗುರ, ಹಾಸನದ ಸಂಜೆ ಟ್ರಾಫಿಕ್ಕಿಗೆ ಕೈ ನೋಯಲ್ಲ. ಸ್ಪೀಡ್ 400ರಲ್ಲೂ ಇದೇ ಥರದ ಕ್ಲಚ್ ಇದೆ.

ಮಳೆ ವಿಷಯಕ್ಕೆ ಬಂದರೆ ಸ್ಪೀಡ್ 400 ಒಂದು ಹೆಜ್ಜೆ ಮುಂದೆ, ಅದಕ್ಕೆ ಟ್ರಾಕ್ಷನ್ ಕಂಟ್ರೋಲ್ (ಆಕ್ಸಿಲರೇಟರ್ ಕೊಟ್ಟಾಗ ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯೋದು) ಇದೆ, ಗೆರಿಲ್ಲಾಕ್ಕೆ ಇಲ್ಲ. ನಾನು ಮಳೆಯಲ್ಲಿ ಇಕೋ ಮೋಡ್‌ಗೆ ಹಾಕ್ತೀನಿ, ಆಗ ಆಕ್ಸಿಲರೇಟರ್ ಮೆತ್ತಗಾಗುತ್ತೆ. ಎರಡರಲ್ಲೂ ಎರಡು ಚಕ್ರಕ್ಕೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ನೋಡಿಕೊಳ್ಳೋದು) ಇದೆ. ಆದರೆ ಆಲ್ದೂರು ರಸ್ತೆಯಲ್ಲಿ ಸಿಲ್ವರ್ ಓಕ್ ಎಲೆ ಉದುರಿ ನೆನೆದು ಅಂಟಿಕೊಂಡಿರುವ ತಿರುವಿನಲ್ಲಿ ಯಾವುದನ್ನೂ ನಂಬಬೇಡ, ವಾಲಿಸದೆ ನೆಟ್ಟಗೆ ಇಟ್ಟುಕೊಂಡೇ ದಾಟು.

ಹಾಸನದಿಂದ, ಸ್ಪೀಡ್ 400 ಓಡಿಸುವವರು:

ಅಣ್ಣ ಹೇಳಿದ್ದು ಒಪ್ಪುತ್ತೇನೆ. ಸೇರಿಸೋದು ಇಷ್ಟು: ನನ್ನ ಗಾಡಿ 176 ಕೆ.ಜಿ., ತಳ್ಳಿ ನಿಲ್ಲಿಸುವಾಗ ಆ ವ್ಯತ್ಯಾಸ ತಿಳಿಯುತ್ತೆ. ಸೀಟಿನ ಎತ್ತರ 790 ಮಿ.ಮೀ., ನಿಮಗೆ ತೊಂದರೆಯಿಲ್ಲ. ಟ್ಯಾಂಕ್ 13 ಲೀಟರ್, ಗೆರಿಲ್ಲಾದ್ದು 11. ಮೊದಲ ಸರ್ವೀಸ್ ಆದಮೇಲೆ ಮುಂದಿನ ಸರ್ವೀಸ್ 16,000 ಕಿ.ಮೀ. ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದು. ಬೆಂಗಳೂರು ಹೆದ್ದಾರಿಯಲ್ಲಿ ಓಟ ಬಲು ನಯ.

ಮೂಡಿಗೆರೆಯಿಂದ, ಟೀಚರ್ ಒಬ್ಬರು:

ಅಮ್ಮನ ವಿಷಯವನ್ನು ಯಾರೂ ಎತ್ತಲಿಲ್ಲ. ನಾನು ನಮ್ಮವರ ರೋಡ್‌ಸ್ಟರ್‌ನಲ್ಲಿ ಸೀರೆಯುಟ್ಟು ಹಿಂದೆ ಕೂರುವವಳು. ಅಂದಕ್ಕೆ ಅಡ್ಡಿ ಅಂತ ಸೀರೆ ಗಾರ್ಡ್ ಬಿಚ್ಚಿಸುವ ಹುಡುಗರು ಬಹಳ. ದಯವಿಟ್ಟು ಬಿಚ್ಚಿಸಬೇಡಿ. ಹಿಂದಿನ ಸವಾರರಿಗೆ ಹಿಡಿ, ಕಾಲೂರುವ ಜಾಗ, ಚಕ್ರಕ್ಕೆ ಬಟ್ಟೆ ಸಿಗದಂಥ ಮರೆ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಟೆಸ್ಟ್ ರೈಡ್‌ಗೆ ಅಮ್ಮನನ್ನೂ ಕರೆದೊಯ್ಯಿರಿ. ಅವರಿಗೆ ಹತ್ತಿಳಿಯಲು ಆಗುತ್ತದೆಯೇ, ಮಂಡಿ ಮಡಚಿ ಅರ್ಧ ಗಂಟೆ ಕೂರಲು ಆಗುತ್ತದೆಯೇ ಎಂಬುದನ್ನು ಅವರ ಬಾಯಿಂದಲೇ ಕೇಳಿ. ಇಂಥ ಗಾಡಿಗಳಲ್ಲಿ ಹಿಂದಿನ ಸೀಟು ಚಿಕ್ಕದು, ಅವರಿಗೆ ಆಗದಿದ್ದರೆ ಬೇರೆ ಗಾಡಿ ನೋಡುವುದೇ ಸರಿ.

ಬೇಲೂರಿನಿಂದ, ಮೆಕ್ಯಾನಿಕ್:

ಯಾವುದನ್ನೇ ತಗೊಳ್ಳಿ ಸಾರ್, ಎರಡಕ್ಕೂ ಮುಂದೆ ರೇಡಿಯೇಟರ್ ಇರುತ್ತೆ. ತೋಟದ ಕೆಂಪು ಕೆಸರು ಅದರ ಸಂದಿಯಲ್ಲಿ ಕೂತು ಒಣಗಿದರೆ ಗಾಳಿ ಆಡಲ್ಲ, ಇಂಜಿನ್ ಬಿಸಿಯಾಗುತ್ತೆ. ಹಾಗಂತ ವಾಟರ್ ಸರ್ವೀಸ್‌ನಲ್ಲಿ ಪ್ರೆಷರ್ ನೀರನ್ನು ಹತ್ತಿರದಿಂದ ಬಿಡಿಸಬೇಡಿ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಮನೆಯಲ್ಲೇ ಪೈಪಿನಿಂದ ಮೆಲ್ಲಗೆ ನೀರು ಬಿಟ್ಟು ನೆನೆಸಿ ಇಳಿಸಿ. ಮಳೆಯಲ್ಲಿ ಬಂದ ರಾತ್ರಿಯೇ ಚೈನ್ ಒರೆಸಿ ಲ್ಯೂಬ್ ಹಾಕಿ. ಕೂಲೆಂಟ್ ಕಡಿಮೆಯಾದರೆ ಕಂಪನಿ ಹೇಳಿದ್ದನ್ನೇ ಹಾಕಿಸಿ, ಬಾವಿ ನೀರು ಸುರಿಯಬೇಡಿ.