ಪುಂಟ್‌ನಿಂದ ಬಂದದ್ದು ಸಾಂಬ್ರಾಣಿ ಮರವೇ?

ಈಜಿಪ್ಟನ್ನು ಆಳಿದ ಹತ್‌ಶೆಪ್ಸುತ್ ಬಗ್ಗೆ ಮಕ್ಕಳಿಗಾಗಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ. ಬಲ್ಲವರು ದಾರಿ ತೋರಿಸಿ.

ಆಕೆಯ ಆಳ್ವಿಕೆಯ 9ನೇ ವರ್ಷ, ಅಂದರೆ ಕ್ರಿ.ಪೂ. 1470ರ ಆಸುಪಾಸಿನಲ್ಲಿ, ಈಜಿಪ್ಟಿನ ಹಡಗುಗಳು ಕೆಂಪು ಸಮುದ್ರದ ಮೇಲೆ ಪುಂಟ್ ಎಂಬ ನಾಡಿಗೆ ಹೋಗಿಬಂದವು. ದೇರ್ ಅಲ್ ಬಹ್ರಿ ಎಂಬಲ್ಲಿರುವ ಆಕೆಯ ಗುಡಿಯ ಗೋಡೆಯಲ್ಲಿ ಆ ಪಯಣವನ್ನು ಕೆತ್ತಿದ್ದಾರೆ. ಐದು ಹಡಗು, ಮುಂದಾಳು ನೆಹ್ಸಿ ಎಂಬ ಅಧಿಕಾರಿ. ಆನೆದಂತ, ಚಿನ್ನ, ಚಿರತೆ ಚರ್ಮ ಎಲ್ಲ ಹೇರುತ್ತಿದ್ದಾರೆ, ಸರಕಿನ ಮೇಲೆ ಕೋತಿಗಳು ಓಡಾಡುತ್ತಿವೆ. ನನಗೆ ಜಾಸ್ತಿ ಹಿಡಿಸಿದ್ದು ಮರಗಳು. ಬುಡವನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ಕೋಲಿಗೆ ಕಟ್ಟಿ, ಹಸಿ ಮರವನ್ನೇ ಹೊತ್ತು ತರುತ್ತಿದ್ದಾರೆ. 31 ಮರ ಅಂತ ಲೆಕ್ಕವೂ ಇದೆ.

ಈ ಮರಕ್ಕೆ ಕನ್ನಡದಲ್ಲಿ ಏನನ್ನೋಣ?

ಮೊದಲು ಸುಮ್ನೆ ‘ಸಾಂಬ್ರಾಣಿ ಮರ’ ಅಂತ ಬರೆದೆ. ಬಾಣಂತಿ ಕೋಣೆಯ ಹೊಗೆ ಗೊತ್ತಿದ್ದವರಿಗೆ ಬೇರೆ ವಿವರಣೆಯೇ ಬೇಡ ಅಲ್ವಾ? ಆದರೆ ಸಾಂಬ್ರಾಣಿ ಸುಮಾತ್ರಾ ಕಡೆಯ ಮರದ ಅಂಟು. ಪುಂಟ್ ಇದ್ದದ್ದು ಆಫ್ರಿಕಾದ ಕೆಂಪು ಸಮುದ್ರದ ದಿಕ್ಕಿನಲ್ಲಿ. ‘ಲೋಬಾನ’ ಎನ್ನೋಣವೆಂದರೆ ಅದರದ್ದೂ ಇದೇ ಕಥೆ. ಅರಬ್ಬಿಯ ‘ಲುಬಾನ್’ ಕೆಂಪು ಸಮುದ್ರದ ಕಡೆಯದೇ ಮರದ ಅಂಟು. ಆಮೇಲೆ ಸುಮಾತ್ರಾದ ಅಂಟಿಗೆ ‘ಜಾವಾದ ಲುಬಾನ್’ ಎಂದು ಕರೆದರು. ನಮ್ಮ ಅಂಗಡಿಗೆ ಬರುವ ಹೊತ್ತಿಗೆ ಹೆಸರು ಉಳಿಯಿತು, ಮರ ಬದಲಾಯಿತು.

ಈಜಿಪ್ಟಿನವರು ಬರೆದ ಪದ ‘ಅಂತಿಯು’. ಹೆಚ್ಚಿನವರು ಅದನ್ನು ರಕ್ತಬೋಳ ಎಂಬ ಮರದ ಅಂಟು ಎಂದು ಓದುತ್ತಾರೆ, ಕೆಲವರು ಲುಬಾನ್ ಎನ್ನುತ್ತಾರೆ. ರಕ್ತಬೋಳ ನಮಗೆ ಹೊಸದಲ್ಲ. ಕನ್ನಡ ಬೈಬಲ್ಲಿನಲ್ಲಿ ಜ್ಞಾನಿಗಳು ಮಗು ಯೇಸುವಿಗೆ ಕೊಟ್ಟದ್ದು ಚಿನ್ನ, ಧೂಪ, ರಕ್ತಬೋಳ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ತೊಂದರೆ ಇರುವುದು ಮರ ಅನ್ನುವಾಗ. ‘ಬೋಳದ ಮರ’ ಎಂದರೆ ಎಲೆ ಉದುರಿದ ಬೋಳು ಮರ ಅಂತಲೇ ಮಕ್ಕಳು ಓದುತ್ತಾರೆ. ಕೆತ್ತನೆಯಲ್ಲಿ ನೋಡಿದರೆ ಮೈತುಂಬ ಎಲೆ! ‘ರಕ್ತಬೋಳದ ಮರ’ ಎಂದರೆ ದೆವ್ವದ ಕಥೆಯಾಗುತ್ತದೆ.

‘ಗುಗ್ಗುಳ’ ಆಗಬಹುದೇ? ರಕ್ತಬೋಳ, ಗುಗ್ಗುಳ ಎರಡೂ ಒಂದೇ ಕುಲದ ಗಿಡಗಳು, ಹಾಗಾಗಿ ತೀರಾ ತಪ್ಪಲ್ಲ. ಆದರೆ ನಮ್ಮ ಉತ್ತರ ಕರ್ನಾಟಕದಲ್ಲಿ ಆ ಪದ ಕೇಳಿದರೆ ವೀರಭದ್ರನ ಗುಗ್ಗಳದ ಮೆರವಣಿಗೆಯೇ ಕಣ್ಣ ಮುಂದೆ ಬರುತ್ತದೆ.

ಇಷ್ಟರಲ್ಲಿ ಇನ್ನೊಂದು ಗೋಜಲು. ಈಜಿಪ್ಟಿನ ಸಕ್ಕಾರಾದಲ್ಲಿ ಶವಗಳಿಗೆ ಲೇಪನ ಮಾಡುತ್ತಿದ್ದ ಜಾಗವೊಂದು ಸಿಕ್ಕಿತ್ತು. ಅಲ್ಲಿನ ಮಡಕೆಗಳ ಮೇಲೆ ಒಳಗಿನ ವಸ್ತುವಿನ ಹೆಸರು ಬರೆದಿದೆ. ‘ಅಂತಿಯು’ ಎಂದು ಬರೆದ ಮಡಕೆಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಒಳಗಿದ್ದದ್ದು ರಕ್ತಬೋಳವಲ್ಲ, ದೇವದಾರು ಜಾತಿಯ ಎಣ್ಣೆ, ಪ್ರಾಣಿಕೊಬ್ಬು ಮುಂತಾದವುಗಳ ಮಿಶ್ರಣ. ಆ ಮಡಕೆಗಳು ಹತ್‌ಶೆಪ್ಸುತ್ ಕಾಲಕ್ಕಿಂತ ಸುಮಾರು 800 ವರ್ಷ ಈಚಿನವು. ಅಷ್ಟರಲ್ಲಿ ಅರ್ಥ ಜಾರಿರಬಹುದು, ನಮ್ಮ ಲೋಬಾನದ ಹಾಗೆ. ಮಿಶ್ರಣಕ್ಕೆ ಬೇರು ಇರುವುದಿಲ್ಲವಲ್ಲ, ಆದ್ದರಿಂದ ಗೋಡೆಯ ಮೇಲಿನದು ಮರವೇ.

ಸದ್ಯಕ್ಕೆ ‘ಧೂಪದ ಮರ’ ಎಂದಿಟ್ಟಿದ್ದೇನೆ. ಯಾವ ಮರವೆಂದು ಹೇಳದೆ ಜಾರಿಕೊಂಡ ಹಾಗಿದೆ. ಇದಕ್ಕಿಂತ ಒಳ್ಳೆಯದು ಇದೆಯೇ?

ಎರಡು ಚಿಲ್ಲರೆ ಪ್ರಶ್ನೆ. ಸರಕಿನ ಪಟ್ಟಿಯಲ್ಲಿ ‘ಹೆಬ್ನಿ’ ಎಂಬ ಕಪ್ಪು ಮರವಿದೆ. ‘ಎಬನಿ’ ಹುಟ್ಟಿದ್ದು ಇದರಿಂದಲೇ, ಗ್ರೀಕಿನ ಮೂಲಕ. ನಾನು ‘ಕರಿಮರ’ ಅಂದಿದ್ದೆ. ಆದರೆ ಈಜಿಪ್ಟಿನವರ ಹೆಬ್ನಿ ನಮ್ಮ ಬೀಟೆಯ ಕುಲದ್ದು, ಈಗಿನ ಎಬನಿಯ ಕುಲದ್ದಲ್ಲ. ‘ಕರಿಬೀಟೆ’ ಎಂದರೆ ಮಲೆನಾಡಿನವರು ನಗುತ್ತಾರೆಯೇ?

ಇನ್ನು ಹತ್‌ಶೆಪ್ಸುತ್‌ಳನ್ನು ‘ರಾಣಿ’ ಎನ್ನಲು ಮನಸ್ಸಿಲ್ಲ. ಅದೇ ಗೋಡೆಯಲ್ಲಿ ಪುಂಟ್‌ನ ಒಡೆಯ ಪರಾಹು, ಅವನ ಹೆಂಡತಿ ಅತಿ ಇದ್ದಾರೆ. ರಾಣಿ ಅಂದರೆ ಅತಿಗೆ ಒಪ್ಪುತ್ತದೆ. ಹತ್‌ಶೆಪ್ಸುತ್ ದೊರೆಗಳ ಹಾಗೆ ಗಡ್ಡ ಕಟ್ಟಿಕೊಂಡು ತಾನೇ ಸಿಂಹಾಸನದಲ್ಲಿ ಕೂತವಳು. ‘ದೊರೆ ಬಂದಳು’ ಎಂದು ಬರೆದಿದ್ದೇನೆ. ಕಿವಿಗೆ ಕಟುವಾಗಿದೆಯೇ, ಹೇಳಿ.